ಮೋನೊ ಧ್ವನಿಮುದ್ರಿಕೆಗಳ ಮರುಪ್ರಕಟಣೆ ಮತ್ತು ಪಾಠಶುದ್ಧಿ: 1960ರ ದಶಕದ ಕನ್ನಡ ಚಿತ್ರಗೀತೆಗಳನ್ನು ಕುರಿತು

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸಲು ಕುಳಿತ ವಿದ್ವಾಂಸರು ಮೊದಲು ಕೇಳುವುದು, ತಮ್ಮ ಮುಂದಿರುವ ಓಲೆಪ್ರತಿ ಯಾವ ಮಾತೃಕೆಯಿಂದ ಇಳಿದುಬಂದಿದೆ ಎಂಬ ಪ್ರಶ್ನೆಯನ್ನು. ಲಿಪಿಕಾರನ ಕೈತಪ್ಪು ಯಾವುದು, ನಡುವೆ ಸೇರಿಕೊಂಡ ಪ್ರಕ್ಷೇಪ ಯಾವುದು, ಕವಿಯ ಪಾಠ ಯಾವುದು ಎಂಬ ವಿವೇಚನೆಯಿಲ್ಲದೆ ಆ ಕಾವ್ಯವನ್ನು ಕುರಿತ ವಿಮರ್ಶೆ ನೆಲೆಗೊಳ್ಳಲಾರದು. ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದವರು ಈ ಶಿಸ್ತನ್ನು ಶಾಸ್ತ್ರವಾಗಿಯೇ ಕಟ್ಟಿಕೊಟ್ಟಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಕನ್ನಡ ಸಂಸ್ಕೃತಿಯ ಗಣನೀಯ ಭಾಗವೊಂದು ಅರಗಿನ ಮತ್ತು ವಿನೈಲ್ ತಟ್ಟೆಗಳಲ್ಲಿ ಉಳಿದಿದೆ. ಅವುಗಳ ಮರುಪ್ರಕಟಣೆಯ ಸಂದರ್ಭದಲ್ಲಿ ಇದೇ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ. 1960ರ ದಶಕದ ಚಿತ್ರಗೀತೆಗಳ ಮೋನೊ ಧ್ವನಿಮುದ್ರಿಕೆಗಳನ್ನು ನಿದರ್ಶನವಾಗಿಟ್ಟುಕೊಂಡು, ಮರುಪ್ರಕಟಣೆಯೂ ಒಂದು ಗ್ರಂಥಸಂಪಾದನೆಯೇ ಎಂದು ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಧ್ವನಿಯೆಲ್ಲವನ್ನೂ ಒಂದೇ ವಾಹಿನಿಯಲ್ಲಿ ಹಿಡಿದಿಡುವ ಕ್ರಮವೇ ಮೋನೊ. ಎಡ-ಬಲ ಎರಡು ವಾಹಿನಿಗಳಾಗಿ ಹಂಚುವ ಸ್ಟೀರಿಯೊ ತಟ್ಟೆಗಳು ಪಶ್ಚಿಮದ ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಅನಂತರದ ಒಂದು ದಶಕ ಅಲ್ಲಿ ಒಂದೇ ಕೃತಿ ಎರಡು ರೂಪಗಳಲ್ಲಿ ಪ್ರಕಟವಾಗುತ್ತಿತ್ತು. ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' (1967) ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಮೋನೊ ಮಿಶ್ರಣಕ್ಕೆ ಕಲಾವಿದರು ಮತ್ತು ನಿರ್ಮಾಪಕರು ಹೆಚ್ಚು ಸಮಯ ಕೊಟ್ಟರು. ಸ್ಟೀರಿಯೊ ಮಿಶ್ರಣ ಬಹುಮಟ್ಟಿಗೆ ತಂತ್ರಜ್ಞರ ಪಾಲಿಗೆ ಉಳಿಯಿತು. ಆ ಸಂಪುಟದ 'ಷೀ ಈಸ್ ಲೀವಿಂಗ್ ಹೋಮ್' ಗೀತೆ ಮೋನೊದಲ್ಲಿ ಹೆಚ್ಚು ವೇಗವಾಗಿಯೂ ಮೇಲಿನ ಶ್ರುತಿಯಲ್ಲಿಯೂ ಇದೆ. ಸಂಪಾದಕರ ಪರಿಭಾಷೆಯಲ್ಲಿ ಇದು ಅಪ್ಪಟ ಪಾಠಾಂತರ. ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' (1966) ಇನ್ನೊಂದು ಬಗೆಯದು. ಒಂದು ಕಿವಿ ಕೇಳಿಸದ ಬ್ರಯಾನ್ ವಿಲ್ಸನ್ ಅದನ್ನು ಮೋನೊದಲ್ಲಿಯೇ ರೂಪಿಸಿದರು. ಕಂಪನಿಯು ಒಂದೇ ಧ್ವನಿಯನ್ನು ಕೃತಕವಾಗಿ ಎರಡಾಗಿಸಿ 'ಸ್ಟೀರಿಯೊ' ಎಂದು ಮಾರಿತು. ನಿಜವಾದ ಸ್ಟೀರಿಯೊ ಮಿಶ್ರಣ ಪ್ರಕಟವಾಗಲು 1997ರವರೆಗೆ ಕಾಯಬೇಕಾಯಿತು.

ಈ ಹಿನ್ನೆಲೆಯಿಂದಲೇ ಮೋನೊ ಮರುಪ್ರಕಟಣೆಗಳ ಸಂಗ್ರಹವೆಂಬ ಹವ್ಯಾಸ ಬೆಳೆದಿದೆ. 2009ರಲ್ಲಿ ಸಿ.ಡಿ.ಗಳಾಗಿ ಬಂದ ಬೀಟಲ್ಸ್ ಮೋನೊ ಸಂಪುಟಗಳು 2014ರಲ್ಲಿ ವಿನೈಲ್ ತಟ್ಟೆಗಳಾಗಿ ಬಂದಾಗ, ಡಿಜಿಟಲ್ ಪ್ರತಿಯ ಮಧ್ಯಸ್ಥಿಕೆಯಿಲ್ಲದೆ ಮೂಲ ಟೇಪುಗಳಿಂದಲೇ ಅವುಗಳನ್ನು ಕೊರೆಯಲಾಯಿತು. ಆಕರ ಯಾವುದು, ಕ್ರಮ ಯಾವುದು ಎಂಬುದನ್ನು ಪ್ರಕಾಶಕರು ಬಹಿರಂಗವಾಗಿ ತಿಳಿಸಿದರು. ಇದು ಸಂಪಾದಕನೊಬ್ಬ ಬರೆಯುವ ಪೀಠಿಕೆಗೆ ಸಮಾನವಾದ ಕೆಲಸ. ಸೀಮಿತ ಪ್ರತಿಗಳು, ಏರುವ ಬೆಲೆ ಇವುಗಳ ಮೋಹವೂ ಈ ಹವ್ಯಾಸದಲ್ಲಿ ಇದೆಯೆಂಬುದು ನಿಜ. ಆದರೆ ಅದರ ತಿರುಳಿನಲ್ಲಿರುವ ಆಗ್ರಹವನ್ನು, ಅಂದರೆ ರಚನೆಕಾರರು ಒಪ್ಪಿದ ರೂಪವನ್ನೇ ಕೇಳಬೇಕೆಂಬ ಬೇಡಿಕೆಯನ್ನು, ವಿಮರ್ಶಕರು ಲಘುವಾಗಿ ಕಾಣುವಂತಿಲ್ಲ.

ಕನ್ನಡದ ಸಂದರ್ಭಕ್ಕೆ ಬಂದರೆ ಸಮಸ್ಯೆಯ ಸ್ವರೂಪ ಬದಲಾಗುತ್ತದೆ. 'ರಣಧೀರ ಕಂಠೀರವ' (1960), 'ಸಂತ ತುಕಾರಾಂ' (1963), 'ನಾಂದಿ' (1964), 'ಸಂಧ್ಯಾರಾಗ' (1966), 'ಬೆಳ್ಳಿಮೋಡ' (1967) ಮೊದಲಾದ ಚಿತ್ರಗಳ ಕಾಲದಲ್ಲಿ ನಮ್ಮ ಚಿತ್ರಗೀತೆಯ ಧ್ವನಿಮುದ್ರಣ ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲಿ ನಡೆಯುತ್ತಿತ್ತು. ಗಾಯಕರೂ ವಾದ್ಯವೃಂದವೂ ಒಟ್ಟಿಗೆ ಕೂತು ಕೆಲವೇ ಮೈಕ್ರೊಫೋನುಗಳ ಮುಂದೆ ಹಾಡಿ ನುಡಿಸುತ್ತಿದ್ದರು. ಚಿತ್ರದ ಧ್ವನಿಪಥವೂ ಮೋನೊ, ತಟ್ಟೆಯೂ ಮೋನೊ. ಜಿ.ಕೆ. ವೆಂಕಟೇಶ್ ಅಥವಾ ವಿಜಯಭಾಸ್ಕರ್ ಅವರ ವಾದ್ಯಸಂಯೋಜನೆಯಲ್ಲಿ ಯಾವ ವಾದ್ಯ ಹತ್ತಿರ, ಯಾವುದು ದೂರ ಎಂಬ ತೂಕ ನಿರ್ಧಾರವಾಗುತ್ತಿದ್ದುದು ಮುದ್ರಣದ ಆ ಗಳಿಗೆಯಲ್ಲಿಯೇ. ಪಶ್ಚಿಮದ ಸಂಗ್ರಾಹಕರಿಗೆ ಎರಡು ಪಾಠಗಳ ನಡುವೆ ಆಯ್ಕೆಯಿದೆ. ನಮಗೆ ಇಂಥ ಆಯ್ಕೆಯಿಲ್ಲ. ಈ ಗೀತೆಗಳಿಗೆ ಸ್ಟೀರಿಯೊ ರೂಪವೊಂದು ಇದೆಯೆಂದಾದರೆ ಅದು ಅನಂತರ ಯಾರೋ ಕಲ್ಪಿಸಿದ್ದು.

ಈ ಧ್ವನಿಯನ್ನು ಜನ ಕೇಳಿದ ಬಗೆಯನ್ನೂ ಇಲ್ಲಿ ನೆನೆಯಬೇಕು. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಊರುಗಳಲ್ಲಿ 1960ರ ದಶಕದ ಕೇಳುಗರಿಗೆ ಚಿತ್ರಗೀತೆ ತಲುಪುತ್ತಿದ್ದುದು ಆಕಾಶವಾಣಿಯಿಂದ, ಟೂರಿಂಗ್ ಟಾಕೀಸಿನಿಂದ ಮತ್ತು ಮದುವೆ-ಜಾತ್ರೆಗಳಿಗೆ ಬಾಡಿಗೆಗೆ ಬರುತ್ತಿದ್ದ ಮೈಕ್ ಸೆಟ್ಟಿನಿಂದ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಈ ಸೀಮೆ ಕನ್ನಡ-ತೆಲುಗುಗಳೆರಡೂ ಬಳಕೆಯಲ್ಲಿರುವ ಗಡಿನಾಡು. ಪಿ. ಸುಶೀಲ, ಎಸ್. ಜಾನಕಿ, ಪಿ.ಬಿ. ಶ್ರೀನಿವಾಸ್, ಘಂಟಸಾಲ ಇವರ ಕಂಠಗಳು ಇಲ್ಲಿ ಎರಡು ಭಾಷೆಗಳಲ್ಲಿಯೂ ಪರಿಚಿತ. ಮರದ ಮೇಲೋ ಗಳುವಿನ ತುದಿಯಲ್ಲೋ ಕಟ್ಟಿದ ಒಂದು ಕಹಳೆಯ ಧ್ವನಿವರ್ಧಕದಿಂದ ಹೊಲದ ಆಚೆಗೆ ಕೇಳಬೇಕಾದ ಹಾಡಿಗೆ ಎಡ-ಬಲಗಳಿರಲಿಲ್ಲ. ಕಂಠ ಮುಂದೆ, ತಾಳ ಸ್ಪಷ್ಟ, ಉಳಿದ ವಾದ್ಯಗಳು ಹಿನ್ನೆಲೆಯಲ್ಲಿ ಎಂಬ ಅಂದಿನ ಸಮತೋಲ ಇಂಥ ಶ್ರವಣಕ್ಕೆ ಚೆನ್ನಾಗಿ ಒಗ್ಗುತ್ತಿತ್ತು. ವಿದ್ಯುತ್ತಿಲ್ಲದ ಮನೆಗಳಲ್ಲಿ ಕೀಲಿಕೊಡುವ ಗ್ರಾಮಫೋನುಗಳೂ ಉಳಿದಿದ್ದವು. ಬ್ರಿಟನ್ನಿನಲ್ಲಿ 78 ಸುತ್ತಿನ ತಟ್ಟೆಗಳ ಕಾಲ ಮುಗಿದ ಮೇಲೂ ಕೋಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ ಅವು ತಯಾರಾಗುತ್ತಲೇ ಇದ್ದುದಕ್ಕೆ ಇದೊಂದು ಕಾರಣ. ಬೀಟಲ್ಸ್ ಗೀತೆಗಳು ಕೂಡ ಇಲ್ಲಿ 78 ಸುತ್ತಿನ ತಟ್ಟೆಗಳಾಗಿ ಬಂದವು. ಇಂದು ವಿದೇಶದ ಸಂಗ್ರಾಹಕರು ಅವುಗಳನ್ನು ಹುಡುಕುತ್ತಾರೆ. ಅದೇ ಕಾರ್ಖಾನೆಯಿಂದ ಬಂದ ಕನ್ನಡ ತಟ್ಟೆಗಳಿಗೆ ಅಂಥ ಶೋಧ ನಡೆದಿಲ್ಲ.

ಕ್ಯಾಸೆಟ್ಟು ಮತ್ತು ಸಿ.ಡಿ.ಗಳ ಕಾಲದ ಮರುಪ್ರಕಟಣೆಗಳನ್ನು ಗಮನಿಸಿದರೆ ಹಸ್ತಪ್ರತಿಗಳಲ್ಲಿ ಕಾಣುವ ದೋಷಗಳೇ ಇಲ್ಲಿಯೂ ಮರುಕಳಿಸುತ್ತವೆ. ಮೊದಲನೆಯದು ಲೋಪ. 78 ಸುತ್ತಿನ ಹತ್ತಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಮೂರೂಕಾಲು ನಿಮಿಷದ ಆಸುಪಾಸು. ಹೀಗಾಗಿ ಚಿತ್ರದಲ್ಲಿರುವ ಚರಣವೋ ಆಲಾಪವೋ ತಟ್ಟೆಯಲ್ಲಿ ಇಲ್ಲದಿರಬಹುದು. ಚಿತ್ರದ ಪಾಠ ಮತ್ತು ತಟ್ಟೆಯ ಪಾಠ ಎರಡು ಸಾಕ್ಷ್ಯಗಳು. ಒಂದನ್ನು ಇನ್ನೊಂದೆಂದು ಭಾವಿಸಲಾಗದು. ಎರಡನೆಯದು ಪ್ರಕ್ಷೇಪ. ಹಿಂದಿ ಚಿತ್ರಗೀತೆಗಳಿಗೆ 'ಝಂಕಾರ್' ಎಂಬ ಹೆಸರಿನಲ್ಲಿ ಹೊಸ ತಾಳವಾದ್ಯಗಳನ್ನು ಬೆರೆಸಿದ್ದು ಇದರ ಉಗ್ರ ರೂಪ. ಪ್ರತಿಧ್ವನಿ ಸೇರಿಸಿ ಮೋನೊವನ್ನು ಅಗಲವಾಗಿಸುವುದು ಸೌಮ್ಯ ರೂಪ. ಮೂರನೆಯದು ಅತಿಶೋಧನೆ. ಕರಕರ ಸದ್ದನ್ನು ತೆಗೆಯುವ ಭರದಲ್ಲಿ ಕೊಳಲಿನ ಉಸಿರು, ತಂತಿಯ ಮೇಲಿನ ಕಂಪನ, ಗಾಯಕಿಯ ವ್ಯಂಜನಗಳ ಮೊನೆ ಇವೂ ಹೋಗುತ್ತವೆ. ನಾಲ್ಕನೆಯದು ಶ್ರುತಿಭೇದ. ವರ್ಗಾವಣೆಯ ವೇಗ ತಪ್ಪಿದರೆ ಶ್ರುತಿ ಬದಲಾಗುತ್ತದೆ. 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಅವರ ಗಾಯನವನ್ನು ಅಧ್ಯಯನ ಮಾಡುವವರಿಗೆ ಇದು ಕ್ಷುಲ್ಲಕ ಸಂಗತಿಯಲ್ಲ.

ಸಾಹಿತ್ಯದ ಸಂಶೋಧಕರಿಗೂ ಇದರಲ್ಲಿ ಪಾಲಿದೆ. ಬೇಂದ್ರೆಯವರ 'ಬೆಳಗು' ಕವಿತೆ 'ಬೆಳ್ಳಿಮೋಡ'ದಲ್ಲಿ ವಿಜಯಭಾಸ್ಕರ್ ಅವರ ಸಂಯೋಜನೆಯಲ್ಲಿ, ಎಸ್. ಜಾನಕಿಯವರ ಕಂಠದಲ್ಲಿ ಬಂದಿತು. ಕವನಸಂಕಲನವನ್ನು ತೆರೆಯದ ಸಾವಿರಾರು ಮಂದಿಗೆ ಆ ಕವಿತೆ ಗೊತ್ತಿರುವುದು ಈ ರೂಪದಲ್ಲಿ. ಕವಿತೆಯ ಅನುಸಂಧಾನದ ಇತಿಹಾಸವನ್ನು ಬರೆಯುವವರಿಗೆ ಮುದ್ರಿತ ಪುಟದಷ್ಟೇ ಈ ತಟ್ಟೆಯೂ ಆಕರ. ಮರುಪ್ರಕಟಿತ ಸಂಕಲನಗಳಲ್ಲಿ ಚಿತ್ರದ ಹೆಸರು, ಗಾಯಕರ ಹೆಸರುಗಳಾಚೆಗೆ ಆಕರದ ವಿವರ ಸಿಗುವುದು ಅಪರೂಪ. ಅಂಥ ಪ್ರತಿಯನ್ನು ಆಧರಿಸಿ ವಾದ್ಯಸಂಯೋಜನೆಯನ್ನೋ ಉಚ್ಚಾರಣೆಯನ್ನೋ ಚರ್ಚಿಸುವುದು ಪ್ರತಿವಿಮರ್ಶೆಯಿಲ್ಲದೆ ಛಂದಸ್ಸನ್ನು ಚರ್ಚಿಸಿದಂತೆ.

ಇಲ್ಲಿ ಖಾಸಗಿ ಸಂಗ್ರಾಹಕರ ಪಾತ್ರ ಹಿರಿದು. ಮೋನೊ ತಟ್ಟೆಯ ಗೆರೆಯಲ್ಲಿ ಮುಳ್ಳು ಅಡ್ಡಡ್ಡಲಾಗಿ ಮಾತ್ರ ಚಲಿಸುತ್ತದೆ. ಸ್ಟೀರಿಯೊ ಮುಳ್ಳಿನಿಂದ ನುಡಿಸಿದಾಗ ಮೇಲೆ-ಕೆಳಗಿನ ಚಲನೆಯಿಂದ ಹುಟ್ಟುವ ಧೂಳಿನ, ಸವೆತದ ಸದ್ದೂ ಕೂಡಿಕೊಳ್ಳುತ್ತದೆ. ಎರಡು ವಾಹಿನಿಗಳನ್ನು ಸರಿಯಾಗಿ ಒಂದುಗೂಡಿಸಿದರೆ ಅದರ ಬಹುಭಾಗ ತಾನಾಗಿ ಅಳಿಯುತ್ತದೆ. 78 ಸುತ್ತಿನ ತಟ್ಟೆಗೆ ಸುಮಾರು 75 ಮೈಕ್ರಾನ್, ಮೋನೊ ಎಲ್‌ಪಿಗೆ ಸುಮಾರು 25 ಮೈಕ್ರಾನ್ ಮೊನೆಯ ಮುಳ್ಳು ಬೇಕು. ಲಿಪಿಯನ್ನು ಓದಬಲ್ಲವನೇ ಓಲೆಯನ್ನು ಓದಬೇಕೆಂಬಂಥ ತಿಳಿವಳಿಕೆಯಿದು; ಸಂಗ್ರಾಹಕರು ಇದನ್ನು ಅನುಭವದಿಂದ ಗಳಿಸಿದ್ದಾರೆ. ಆದರೆ ಹಲವು ಸಂಗ್ರಹಗಳಲ್ಲಿ ಅಪರೂಪತೆಗಿರುವ ಮನ್ನಣೆ ವಿವರಗಳಿಗೆ ಇಲ್ಲ. ಹೊಳೆಯುವ ಪ್ರತಿಯನ್ನು ಉಳಿಸಿಕೊಂಡು ಸವೆದ ಪ್ರತಿಯನ್ನು ಬಿಟ್ಟುಬಿಡುವುದು ಸಹಜ. ಮೈಕ್ ಸೆಟ್ಟಿನವರ ಪೆಟ್ಟಿಗೆಯಿಂದ ಬಂದ ಸವೆದ ತಟ್ಟೆಯಾದರೋ, ಆ ಸೀಮೆಯ ಜನ ಯಾವ ಹಾಡನ್ನು ಮತ್ತೆ ಮತ್ತೆ ಹಾಕಿಸಿದರು ಎಂಬುದಕ್ಕೆ ಲಿಖಿತ ದಾಖಲೆಯಿಲ್ಲದ ಕಡೆ ಉಳಿದ ಸಾಕ್ಷ್ಯ.

ಈ ಪ್ರಶ್ನೆಗೆ ಕಾನೂನಿನ ಕಾರಣದಿಂದ ಅವಸರವೂ ಬಂದಿದೆ. 1954ರ ಗ್ರಂಥ ಸಲ್ಲಿಕೆ ಕಾಯ್ದೆಯ ಪ್ರಕಾರ ಪುಸ್ತಕಗಳೂ, ಅನಂತರದ ತಿದ್ದುಪಡಿಯಂತೆ ಪತ್ರಿಕೆಗಳೂ ನಿಗದಿತ ಗ್ರಂಥಾಲಯಗಳಿಗೆ ಸಲ್ಲಬೇಕು. ಧ್ವನಿಮುದ್ರಿಕೆಗಳು ಆ ವ್ಯಾಪ್ತಿಯಲ್ಲಿ ಇರಲಿಲ್ಲ. ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1964ರಲ್ಲಿ ಪ್ರಕಟವಾದ ತಟ್ಟೆಯ ಹಕ್ಕು 2024ರ ಕೊನೆಗೆ ಮುಗಿಯಿತು. 1967ರ ತಟ್ಟೆಯದು 2027ರ ಕೊನೆಗೆ ಮುಗಿಯುತ್ತದೆ. ಗೀತರಚನೆ, ಸ್ವರಸಂಯೋಜನೆಗಳ ಹಕ್ಕು ಬೇರೆ. ಅವು ರಚನೆಕಾರರ ಮರಣಾನಂತರ 60 ವರ್ಷ ಉಳಿಯುತ್ತವೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ರಚನೆಗಳಿಗೆ ಅದು 2041ರ ಕೊನೆಯವರೆಗೆ. ಹೀಗೆ ಈ ದಶಕದ ಮುದ್ರಿಕೆಗಳು ಒಂದೊಂದಾಗಿ ಒಡೆತನದಿಂದ ಬಿಡುಗಡೆಯಾಗುತ್ತಿವೆ. ಗ್ರಂಥಾಲಯಗಳಿಗೆ ಇದು ಅವಕಾಶ. ಆಕರ ಹೇಳದ ಪ್ರಕಾಶಕರಿಗೂ ಅಷ್ಟೇ ಅವಕಾಶ. ಮೂಲ ಯಾವುದೆಂದು ಗುರುತಿಸಿಡುವವರು ಇಲ್ಲದಿದ್ದರೆ ಭ್ರಷ್ಟಪಾಠವೇ ಪ್ರಮಾಣವಾಗಿ ನಿಲ್ಲುತ್ತದೆ.

ಆದ್ದರಿಂದ ಕೆಲವು ಕನಿಷ್ಠ ಕ್ರಮಗಳನ್ನು ಸೂಚಿಸಬಹುದು. ತಟ್ಟೆಯ ಸಂಖ್ಯೆ, ಗೆರೆಗಳ ಕೊನೆಯಲ್ಲಿ ಕೆತ್ತಿರುವ ಅಚ್ಚಿನ ಸಂಖ್ಯೆ, ಹೊದಿಕೆಯ ಬರಹ, ಪ್ರತಿಯ ಸ್ಥಿತಿ ಇವುಗಳನ್ನೊಳಗೊಂಡ ವಿವರಣಾತ್ಮಕ ಸೂಚಿಯೊಂದು ಸಿದ್ಧವಾಗಬೇಕು. ಹಸ್ತಪ್ರತಿ ಸೂಚಿಗಳ ಮಾದರಿ ನಮ್ಮಲ್ಲಿಯೇ ಇದೆ. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘ ಶಿಫಾರಸು ಮಾಡಿರುವ 96 ಕಿಲೊಹರ್ಟ್ಸ್, 24 ಬಿಟ್ ಮಟ್ಟದಲ್ಲಿ, ಯಾವ ಶೋಧನೆಗೂ ಒಳಪಡಿಸದ ಪ್ರತಿಯೊಂದನ್ನು ಕಾಪಿಡಬೇಕು. ಶುದ್ಧೀಕರಿಸಿದ ಪ್ರತಿ ಬೇಕಾದವರು ಅದರಿಂದ ತಯಾರಿಸಿಕೊಳ್ಳಲಿ. ಮರುಪ್ರಕಟಣೆಯ ಹೊದಿಕೆಯ ಮೇಲೆ ಆಕರವನ್ನೂ ಮಾಡಿದ ಬದಲಾವಣೆಯನ್ನೂ ನಮೂದಿಸಬೇಕು. ಈ ಕೆಲಸಕ್ಕೆ ಸಂಗ್ರಾಹಕರು, ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಒಂದೆಡೆ ಕೂಡುವುದು ಅನಿವಾರ್ಯ. ಓಲೆಗರಿಗಳು ಮನೆಮನೆಯ ಅಟ್ಟಗಳಲ್ಲಿ ಚದುರಿದ್ದಾಗ ಅವುಗಳನ್ನು ಕೂಡಿಹಾಕಿದ ತಲೆಮಾರಿನ ಶ್ರಮದ ಮೇಲೆ ನಮ್ಮ ಸಾಹಿತ್ಯಚರಿತ್ರೆ ನಿಂತಿದೆ. ಅದೇ ಅಟ್ಟಗಳಲ್ಲಿ ಈಗ ತಟ್ಟೆಗಳು ಇವೆ; ಅರಗು ಬಿದ್ದರೆ ಒಡೆಯುತ್ತದೆ, ವಿನೈಲ್ ಬಿಸಿಲಿಗೆ ಬಾಗುತ್ತದೆ.