ತ್ರಿಪದಿಯ ಗಣವೂ ಕ್ರಿಯಾಪದವೂ

ಅಬಲೂರು ಸರ್ವಜ್ಞನ ಹುಟ್ಟೂರೆಂಬುದು ನಮ್ಮ ಸೀಮೆಯ ಐತಿಹ್ಯ. ಮಾಸೂರಿನವರೂ ಆ ಗೌರವದಲ್ಲಿ ಪಾಲು ಕೇಳುವುದುಂಟು. ಆ ವ್ಯಾಜ್ಯ ಇಲ್ಲಿ ಬೇಡ. ಅವನ ತ್ರಿಪದಿಗಳನ್ನು ಅಚ್ಚುಹಾಕುವವರು ವ್ಯಾಕರಣಶುದ್ಧಿಯ ನೆವದಿಂದ ಕ್ರಿಯಾಪದಗಳನ್ನು ತಿದ್ದುವ ವಾಡಿಕೆಯನ್ನಷ್ಟೆ ವಿಚಾರಿಸುವೆನು.

ಇಟಲಿಯ ನುಡಿಯಲ್ಲಿ ‘ಪಾರ್ಲೊ’ ಎಂದು ಮೊದಲಕ್ಷರವನ್ನೊತ್ತಿದರೆ ‘ಮಾತಾಡುತ್ತೇನೆ’ ಎಂದರ್ಥ. ‘ಪರ್ಲೋ’ ಎಂದು ಕೊನೆಯನ್ನೊತ್ತಿದರೆ ‘ಮಾತಾಡಿದನು’ ಎಂದರ್ಥ. ಕನ್ನಡದಲ್ಲಿ ಅರ್ಥವನ್ನು ಬೇರ್ಪಡಿಸುವುದು ಒತ್ತಲ್ಲ, ಮಾತ್ರೆ. ‘ಕಡಿದನು’ ನಾಲ್ಕು ಮಾತ್ರೆ, ‘ಕಾಡಿದನು’ ಐದು. ಹಳಗನ್ನಡದ ‘ಕಡಿದಂ’ ಎರಡಂಶದ ಬ್ರಹ್ಮಗಣ, ‘ಕಾಡಿದಂ’ ಮೂರಂಶದ ವಿಷ್ಣುಗಣ. ಗಣದ ಮೊದಲಂಶ ಒಂದು ಗುರು ಇಲ್ಲವೆ ಎರಡು ಲಘು. ಮುಂದೆ ಗುರುವಾಗಲಿ ಲಘುವಾಗಲಿ ಒಂದೊಂದೇ ಅಂಶ.

ತ್ರಿಪದಿಗೆ ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವು ವಿಷ್ಣು. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಈ ಮಟ್ಟು ಕಾಣುತ್ತದೆ. ಹತ್ತನೆಯ ಶತಮಾನದ ನಾಗವರ್ಮನು ಇದಕ್ಕೆ ಲಕ್ಷಣ ಹೇಳಿದನು. ಭಾಷೆ ಬದಲಾದಂತೆ ‘ಮಾಡಿದಂ’ ಹೋಗಿ ‘ಮಾಡಿದನು’ ಬಂದಿತು. ಎರಡಕ್ಕೂ ಮಾತ್ರೆ ಐದೇ. ಆದರೆ ಅಂಶ ಮೂರಿದ್ದುದು ನಾಲ್ಕಾಯಿತು. ಅಂಶಗಣವು ಮಾತ್ರಾಗಣವಾಗಿ ಸಡಿಲಿದ ಬಗೆಯನ್ನು ಈ ಒಂದು ಪ್ರತ್ಯಯದಲ್ಲಿಯೇ ನೋಡಬಹುದು. ಛಂದಸ್ಸಿನ ಪುಸ್ತಕಗಳು ಇದರ ಕಡೆಗೆ ಇನ್ನಷ್ಟು ಗಮನ ಕೊಟ್ಟಿದ್ದರೆ ಲೇಸಾಗುತ್ತಿತ್ತು.

ಈಗ ತಿದ್ದುಪಡಿಯ ಮಾತು. ನಮ್ಮ ಕಡೆಯ ಹಾಡಿನಲ್ಲಿ ಬರುವ ‘ಮಾಡ್ಯಾನ’ ಎಂಬ ರೂಪವನ್ನು ಗ್ರಾಮ್ಯವೆಂದು ತಳ್ಳುವವರಿದ್ದಾರೆ. ಅದು ಗುರು, ಗುರು, ಲಘು; ‘ಸರ್ವಜ್ಞ’ ಎಂಬ ಅಂಕಿತಕ್ಕೂ ಇದೇ ಅಳತೆ. ಹನ್ನೊಂದನೆಯ ಗಣದಲ್ಲಿ ಆ ಅಂಕಿತವು ಹೇಗೆ ಒಪ್ಪವಾಗಿ ನಿಲ್ಲುವುದೋ ಹಾಗೆಯೇ ‘ಮಾಡ್ಯಾನ’ ಯಾವ ವಿಷ್ಣುಸ್ಥಾನದಲ್ಲಿಯೂ ನಿಲ್ಲಬಲ್ಲದು. ಅದನ್ನು ‘ಮಾಡಿದ್ದಾನೆ’ ಎಂದು ಶುದ್ಧಗೊಳಿಸಿದರೆ ಐದು ಮಾತ್ರೆ ಏಳಾಗಿ ಗಣವೇ ಒಡೆಯುತ್ತದೆ. ಬ್ರಹ್ಮಸ್ಥಾನದಲ್ಲಿರುವ ನಾಲ್ಕು ಮಾತ್ರೆಯ ‘ಮಾಡಿದ’ ಎಂಬುದಕ್ಕೆ ‘ನು’ ಸೇರಿಸಿದರೂ ಕೆಡುಕೇ: ಸಾಲು ಕುಗ್ಗಿ ತಿರುಗಬೇಕಾದ ಎಡೆಯಲ್ಲಿ ಹಿಗ್ಗುತ್ತದೆ. ಇದು ಶುದ್ಧಿಯೋ ಅಂಗಭಂಗವೋ, ವಾಚಕರೇ ಹೇಳಲಿ.

ಓದಿನಲ್ಲಿಯೂ ಇಂಥದೇ ತೊಡಕು. ಪಾಠಶಾಲೆಯಲ್ಲಿ ಪದ ಮುಗಿದಲ್ಲಿ ನಿಲ್ಲಿಸಿ ಓದಿಸುತ್ತಾರೆ. ‘ಹೇಳುತಿರುವನು’ ಎಂಬುದು ಗಣದ ಮೊದಲಲ್ಲಿ ಬಂದರೆ ‘ಹೇಳುತಿರು’ ಎಂಬಲ್ಲಿಗೆ ಐದು ಮಾತ್ರೆ ತುಂಬಿತು. ‘ವನು’ ಮುಂದಿನ ಗಣದ ಸೊತ್ತು, ತಾಳವು ‘ವ’ಕಾರದ ಮೇಲೆ ಬೀಳಬೇಕು. ಬೀಸುವ ಕಲ್ಲಿನ ಮುಂದೆ ಕುಳಿತ ಗರತಿಯರು ಇದನ್ನು ಯಾರಿಂದಲೂ ಕಲಿಯದೆ ಹಾಡಿದರು.

ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಬಹುಶ್ರಮದಿಂದ ಕೂಡಿಸಿ ಪ್ರಕಟಿಸಿದರು. ಇನ್ನು ಮುಂದೆ ಸಂಪಾದಿಸುವವರು ಬಾಯಿಪಾಠದ ಕ್ರಿಯಾರೂಪವನ್ನು ಮೂಲದಲ್ಲಿಯೇ ಉಳಿಸಿ, ತಮ್ಮ ಶುದ್ಧರೂಪವನ್ನು ಅಡಿಯಲ್ಲಿ ಕೊಡಲಿ.