ಶಾಸನ ಸುಮ್ಮನಾದ ಜಾಗ

ಹನ್ನೆರಡು ವರ್ಷದ ಹುಡುಗನಿಗೆ ಒಂದು ಐತಿಹಾಸಿಕ ಕಾದಂಬರಿ ಬೇಕೆಂದು ಬೆಂಗಳೂರಿನ ಗಾಂಧಿ ಬಜಾರಿಗೆ ಹೋಗುವವರು ಸಾಮಾನ್ಯವಾಗಿ ನೋಡುವುದು ಪುಸ್ತಕದ ದಪ್ಪ. ತೆಳ್ಳಗಿದ್ದರೆ ಮಕ್ಕಳಿಗೆ, ದಪ್ಪಗಿದ್ದರೆ ದೊಡ್ಡವರಿಗೆ. ಇನ್ನೂ ಸ್ವಲ್ಪ ಎಚ್ಚರದವರು ರಕ್ತಪಾತ ಎಷ್ಟಿದೆ, ಶೃಂಗಾರ ಎಷ್ಟಿದೆ ಎಂದು ಪುಟ ತಿರುವುತ್ತಾರೆ. ವಿಮರ್ಶಕರಂತೂ ವಯಸ್ಸಿನ ಮಾತನ್ನು ಎತ್ತುವುದೇ ಅಪರೂಪ. ಈ ಅಳತೆಗೋಲುಗಳು ಐತಿಹಾಸಿಕ ಕಾದಂಬರಿಗೆ ಹೊಂದುವುದಿಲ್ಲ. ಶಾಸನವೋ ದಫ್ತರವೋ ಮಾತು ನಿಲ್ಲಿಸಿದ ಜಾಗದಿಂದ ಕಾದಂಬರಿಕಾರನ ಕೆಲಸ ಶುರುವಾಗುತ್ತದೆ. ಅಲ್ಲಿ ಅವನು ತುಂಬಿದ್ದನ್ನು ಓದುಗ ಹಾಗೇ ನಂಬುತ್ತಾನೋ, ಯಾರ ಪಕ್ಷ ವಹಿಸಲಿ ಎಂದು ತೂಗುತ್ತಾನೋ, ನಿಜಕ್ಕೂ ಹೀಗೇ ನಡೆಯಿತೇ ಎಂದು ಅನುಮಾನಿಸುತ್ತಾನೋ ಎಂಬುದರ ಮೇಲೆ ಪುಸ್ತಕದ ವಯಸ್ಸು ನಿಂತಿದೆ.

ದೇವುಡು ಅವರ ‘ಮಯೂರ’ವನ್ನೇ ತೆಗೆದುಕೊಳ್ಳೋಣ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ ಶಾಸನವಿದೆ. ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನಿಗೆ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು, ಆ ಅವಮಾನಕ್ಕೆ ಅವನು ದರ್ಭೆ ಬಿಟ್ಟು ಕತ್ತಿ ಹಿಡಿದ ಎಂಬಷ್ಟನ್ನು ಅದು ಹೇಳುತ್ತದೆ. ಜಗಳದಲ್ಲಿ ಯಾರು ಏನೆಂದರು, ತಪ್ಪು ಯಾರದು ಎಂಬುದಕ್ಕೆ ಕಂಬದಲ್ಲಿ ಉತ್ತರವಿಲ್ಲ. ಆದರೂ ಹನ್ನೆರಡು-ಹದಿಮೂರರ ಓದುಗನಿಗೆ ಬೇಕಾದ್ದೆಲ್ಲ ಆ ಕಥೆಯಲ್ಲಿದೆ: ಒಂದು ಅನ್ಯಾಯ, ಒಂದು ನಿರ್ಧಾರ, ಒಂದು ಗೆಲುವು. ಆ ವಯಸ್ಸಿನಲ್ಲಿ ಮಯೂರನ ಪಕ್ಷ ವಹಿಸುವುದು ತಪ್ಪಲ್ಲ. ಗತಕಾಲದೊಳಕ್ಕೆ ಕಾಲಿಡುವ ಮೊದಲ ಮೆಟ್ಟಿಲೇ ಅದು.

ತ.ರಾ.ಸು. ಅವರ ‘ದುರ್ಗಾಸ್ತಮಾನ’ ಮುಂದಿನ ಮೆಟ್ಟಿಲು. ಕೋಟೆ ಬೀಳುತ್ತದೆ ಎಂಬುದನ್ನು ಹೆಸರೇ ಹೇಳಿಬಿಟ್ಟಿದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿದ್ದು ಶಾಲೆಯ ಪಾಠದಲ್ಲೂ ಬರುತ್ತದೆ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಒನಕೆ ಹಿಡಿದು ಆ ಕೋಟೆಯ ಕಿಂಡಿಯ ಬಳಿ ನಿಂತ ದೃಶ್ಯದಿಂದ ಓಬವ್ವ ಚಿಕ್ಕ ಮಕ್ಕಳಿಗೂ ಪರಿಚಿತೆ. ಆದರೆ ಕಾದಂಬರಿಯ ಭಾರ ಕಿಂಡಿಯಲ್ಲಿಲ್ಲ. ಹೊರಗಿನ ಮುತ್ತಿಗೆಯಷ್ಟೇ ಒಳಗಿನ ಒಡಕೂ ಕೋಟೆಯನ್ನು ತಿಂದುಹಾಕಿತು ಎಂಬ ಕಹಿಯಲ್ಲಿದೆ. ಇಷ್ಟಪಟ್ಟ ನಾಯಕ ಸೋಲುವುದನ್ನು ಪುಟಪುಟವಾಗಿ ತಡೆದುಕೊಳ್ಳಲು ಹದಿನಾರಾದರೂ ಆಗಿರಬೇಕು. ಗವಿಪುರದಲ್ಲಿ ಬಾಳಿದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಇನ್ನೂ ಮೇಲಿನದು. ಭಾಷೆ ಹತ್ತು ವರ್ಷದವರಿಗೂ ಅರ್ಥವಾಗುವಷ್ಟು ತಿಳಿ. ಆದರೆ 1834ರಲ್ಲಿ ಕೊಡಗು ಕಂಪನಿಯ ಪಾಲಾದದ್ದಕ್ಕೆ ಯಾರನ್ನು ದೂರಬೇಕು? ಕ್ರೂರಿಯಾದ ದೊರೆಯನ್ನೇ, ಅವನ ನೆರಳಾಗಿದ್ದ ಕುಂಟ ಬಸವನನ್ನೇ, ತಿರುಗಿನಿಂತ ಮಂತ್ರಿ ಬೋಪಣ್ಣನನ್ನೇ, ಹೊಂಚು ಹಾಕಿದ ಇಂಗ್ಲಿಷರನ್ನೇ? ಮಾಸ್ತಿ ಯಾರೊಬ್ಬರ ತಲೆಗೂ ಪೂರ್ತಿ ಹೊರೆ ಕಟ್ಟುವುದಿಲ್ಲ. ‘ಖಳನಾಯಕ ಯಾರು?’ ಎಂದು ಕೇಳುವ ವಯಸ್ಸಿನವರಿಗೆ ಇದು ಸಪ್ಪೆ ಪುಸ್ತಕ. ಆ ಪ್ರಶ್ನೆ ದಾಟಿದವರಿಗೆ ಕನ್ನಡದಲ್ಲಿ ಇದಕ್ಕಿಂತ ರುಚಿಯಾದದ್ದು ವಿರಳ.

ಹಿರಿಯರ ಓದು ಹೇಗಿರುತ್ತದೆಂದು ಪರೀಕ್ಷಿಸಲು ಶಾಂತಲೆಗಿಂತ ಒಳ್ಳೆಯ ಉದಾಹರಣೆ ಸಿಗದು. ಹೊಯ್ಸಳ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು, ಆ ದುಃಖದಲ್ಲಿ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸವಿದ್ದು ದೇಹ ಬಿಟ್ಟಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ತಾಯಿಯ ಸಾವಿಗೆ ವಿವರವಿದೆ. ಮಗಳು ಹೇಗೆ ಸತ್ತಳೆಂಬುದಕ್ಕಿಲ್ಲ. ಆ ಮೌನಕ್ಕೆ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ‘ಶಾಂತಲಾ’ದಲ್ಲಿ ದುರಂತದ ಬಣ್ಣ ಕೊಟ್ಟರು. ಸಿ.ಕೆ. ನಾಗರಾಜರಾವ್ ಶಾಂತಲೆ ಆತ್ಮಹತ್ಯೆ ಮಾಡಿಕೊಂಡಳೆಂಬ ಕಥೆಯನ್ನೇ ಒಪ್ಪದೆ, ಶಾಸನಗಳನ್ನು ಜಾಲಾಡಿ ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿ ಬರೆದರು. ಎರಡನ್ನೂ ಒಟ್ಟಿಗೆ ಓದಿ, ಒಂದನ್ನು ಎಸೆಯದೆ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲವರೇ ಈ ಪ್ರಕಾರದ ಪ್ರಬುದ್ಧ ಓದುಗರು.

ಹೀಗೆ ಮೆಟ್ಟಿಲು ಕಟ್ಟುವುದಕ್ಕೆ ಆಕ್ಷೇಪಗಳಿವೆ. ಹತ್ತನೇ ವಯಸ್ಸಿಗೇ ಕೈಗೆ ಸಿಕ್ಕ ತ.ರಾ.ಸು. ಓದಿ ಬೆಳೆದ ತಲೆಮಾರು ಕೆಟ್ಟುಹೋಗಲಿಲ್ಲವಲ್ಲ ಎನ್ನುವುದು ಮೊದಲನೆಯದು. ನಿಜವೇ. ವಿಮರ್ಶಕ ಬಾಗಿಲು ಕಾಯುವ ಜವಾನನಲ್ಲ. ಯಾವ ಓದಿಗೆ ಪುಸ್ತಕದ ಯಾವ ಪದರ ದಕ್ಕೀತು ಎಂದಷ್ಟೇ ಹೇಳುತ್ತಾನೆ. ಹತ್ತಕ್ಕೆ ಓದಿದವರು ಇಪ್ಪತ್ತಕ್ಕೆ ಮತ್ತೆ ಓದಲಿ ಎಂಬುದೂ ಆ ಮಾತಿನಲ್ಲಿ ಸೇರಿದೆ. ಎರಡನೆಯದು ಇನ್ನೂ ಗಟ್ಟಿ: ಕಲ್ಪನೆ ಬೆರೆತ ಚರಿತ್ರೆ ಮಕ್ಕಳ ದಾರಿ ತಪ್ಪಿಸುತ್ತದೆ, ಅವರಿಗೆ ಜೀವನಚರಿತ್ರೆ ಸಾಕು. ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ-ಭಾರತಿ ಮಾಲೆಯ 510 ಕಿರುಪುಸ್ತಕಗಳು ಆ ಕೆಲಸ ಮಾಡಿವೆ. ಆದರೆ ಜೀವನಚರಿತ್ರೆಯೂ ಆರಿಸಿಕೊಳ್ಳುತ್ತದೆ, ಬಿಡುತ್ತದೆ. ಹಾಗೆ ಬಿಟ್ಟದ್ದನ್ನು ಹೇಳುವುದಿಲ್ಲ. ಕಾದಂಬರಿಯಾದರೋ ಮುಖಪುಟದಲ್ಲೇ ತಾನು ಕಾದಂಬರಿಯೆಂದು ಒಪ್ಪಿಕೊಂಡಿರುತ್ತದೆ. ಕೆ.ಎನ್. ಗಣೇಶಯ್ಯನವರಂತೆ ಆಧಾರಗಳನ್ನೂ ಕಾದಂಬರಿಯ ಜೊತೆಗೇ ಕೊಟ್ಟರೆ ಹದಿಹರೆಯದವರಿಗೆ ಅದೇ ಒಂದು ಪಾಠ. ಮೂರನೆಯ ಆಕ್ಷೇಪಕ್ಕೆ ಮಾತ್ರ ತಲೆಬಾಗಬೇಕು: ಹತ್ತರಿಂದ ಹದಿನೈದರವರಿಗೆಂದೇ ಬರೆದ ಐತಿಹಾಸಿಕ ಕಾದಂಬರಿ ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ ಮಕ್ಕಳಿಗೆಂದು ಬೇರೆ ಗ್ರಂಥಾಲಯವನ್ನೇ ಇಟ್ಟಿದೆ. ಅಂಥ ಕಪಾಟುಗಳಿಗೆ ಬೇಕಾದ್ದನ್ನು ನಮ್ಮ ಲೇಖಕರು ಇನ್ನೂ ಸಾಕಷ್ಟು ಬರೆದಿಲ್ಲ. ಅಲ್ಲಿಯವರೆಗೆ ದೊಡ್ಡವರ ಪುಸ್ತಕವನ್ನೇ ಮಕ್ಕಳಿಗೆ ದಾಟಿಸಬೇಕು, ಹಾಗಾಗಿ ಆರಿಸುವವರ ಹೊಣೆಯೂ ಹೆಚ್ಚು.

ಆರಿಸಲು ಒಂದು ಸುಳಿವು ಇದೆ. ಮಯೂರನ ಜಗಳದ ಪುಟ ಓದುತ್ತ ಮಗು ‘ಅವರು ಆಡಿದ ಮಾತು ಬರೆದವರಿಗೆ ಹೇಗೆ ಗೊತ್ತಾಯಿತು?’ ಎಂದು ತಾನಾಗಿ ಕೇಳಿದ ದಿನ ಮಾಸ್ತಿಯನ್ನು ಕೈಗಿಡಬಹುದು. ಹದಿಮೂರಕ್ಕೆ ಹಾಗೆ ಕೇಳುವವರಿದ್ದಾರೆ. ನಲವತ್ತಾದರೂ ಕೇಳದವರೂ ಇದ್ದಾರೆ.