ಒಂದೇ ನೆಲದ ಎರಡು ಪಾಠ

ನಮ್ಮ ರಾಜ್ಯದಲ್ಲಿ ಪಠ್ಯಪುಸ್ತಕದ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ದಾರಿ ಹಿಡಿಯುತ್ತದೆ. 2017ರ ಪರಿಷ್ಕರಣೆಯಿರಲಿ, 2022ರಲ್ಲಿ ಅದನ್ನು ಮತ್ತೆ ತಿದ್ದಿದ್ದಿರಲಿ, 2023ರಲ್ಲಿ ಆ ತಿದ್ದುಪಡಿಗಳಲ್ಲಿ ಕೆಲವನ್ನು ಕೈಬಿಟ್ಟಿದ್ದಿರಲಿ, ಯಾರ ಪಾಠ ಒಳಗೆ ಬಂತು, ಯಾರದು ಹೊರಗೆ ಹೋಯಿತು ಎಂಬುದಷ್ಟೇ ಸುದ್ದಿ. ಮುಸ್ಲಿಮರಾದ ನಾವೂ ಟಿಪ್ಪುವಿಗೆ ಎಷ್ಟು ಸಾಲು ಉಳಿಯಿತು ಎಂದು ಎಣಿಸುತ್ತ ಕುಳಿತೆವು. ಆ ಎಣಿಕೆ ಬೇಡವೆಂದು ಹೇಳಲಾರೆ. ಆದರೆ ಉಳಿದ ಸಾಲುಗಳನ್ನು ಮೇಷ್ಟ್ರು ಯಾವ ಸಾಮಗ್ರಿ ಹಿಡಿದು ಕಲಿಸುತ್ತಾರೆ ಎಂದು ನಾವು ಕೇಳಲಿಲ್ಲ.

ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನವನ್ನೇ ನೋಡಿ. ಇತಿಹಾಸದಲ್ಲಿ ವಿಜಯನಗರ ಮತ್ತು ಬಹಮನಿ ರಾಜ್ಯಗಳು. ಭೂಗೋಳದಲ್ಲಿ ಕರ್ನಾಟಕದ ಮಣ್ಣು, ನದಿ, ಮಳೆ. ಮೇಷ್ಟ್ರು ಒಬ್ಬರೇ, ನೆಲವೂ ಒಂದೇ. ಆದರೂ ಇವೆರಡು ಪಾಠ ಒಂದನ್ನೊಂದು ಮಾತಾಡಿಸುವುದಿಲ್ಲ. ಇತಿಹಾಸದ ನಕಾಶೆಯಲ್ಲಿ ಎರಡು ಬಣ್ಣ, ನಡುವೆ ಒಂದು ಗೆರೆ. ಇಂದಿನ ಮಗು ಆ ಗೆರೆಯನ್ನು ಎರಡು ಧರ್ಮಗಳ ಗಡಿಯೆಂದೇ ಓದಿಕೊಳ್ಳುತ್ತದೆ.

ಅದೇ ನಕಾಶೆಯ ಮೇಲೆ ಭೂಗೋಳದ ನಕಾಶೆಯನ್ನು ಇಟ್ಟು ನೋಡಲಿ. ಗೆರೆ ಬಿದ್ದಿರುವುದು ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿನ ಸುತ್ತ. ಫಲವತ್ತಾದ ಆ ಸೀಮೆ ಎರಡೂ ಕಡೆಯವರಿಗೆ ಬೇಕಿತ್ತು. ಬಹಮನಿಗಳು ಹುಟ್ಟುವ ಮೊದಲೇ ಕಲ್ಯಾಣದ ಚಾಲುಕ್ಯರೂ ಚೋಳರೂ ಅದೇ ಸೀಮೆಯಲ್ಲಿ ಕಾದಾಡಿದ್ದರು. ವಿಜಯನಗರದ ಎರಡನೆಯ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಮರನ್ನು ಸೇರಿಸಿಕೊಂಡಿದ್ದ. ಇಷ್ಟು ತಿಳಿದ ಮಗುವಿಗೆ ಯುದ್ಧದ ಕಾರಣವನ್ನು ಬೇರೆಯಾಗಿ ಬಾಯಿಪಾಠ ಮಾಡಿಸಬೇಕಿಲ್ಲ.

ಇನ್ನು ಬೀದರ್. ಇಲ್ಲಿ 1472ರಲ್ಲಿ ಮಹಮೂದ್ ಗವಾನ್ ಮದರಸ ಕಟ್ಟಿಸಿದ ಎಂಬುದು ಒಂದು ಅಂಕದ ಉತ್ತರ. ಬೀದರಿನದು ಜಂಬಿಟ್ಟಿಗೆ ಮಣ್ಣು ಎಂಬುದು ಭೂಗೋಳದ ಇನ್ನೊಂದು ಅಂಕದ ಉತ್ತರ. ಇವೆರಡನ್ನೂ ಕೂಡಿಸುವ ಪಾಠ ಊರ ಹೊರಗೆ ನೌಬಾದಿನ ನೆಲದಡಿ ಇದೆ. ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಇಂಗಿಸಿಕೊಳ್ಳುತ್ತದೆ. ಕೆಳಗಿನ ಗಟ್ಟಿ ಕರಿಕಲ್ಲು ಅದನ್ನು ತಡೆಯುತ್ತದೆ. ಆ ಎರಡರ ನಡುವೆ ಸಿಗುವ ನೀರನ್ನು ಸಣ್ಣ ಇಳಿಜಾರಿನ ಸುರಂಗದಲ್ಲಿ, ಯಾವ ಯಂತ್ರವೂ ಇಲ್ಲದೆ, ಊರಿಗೆ ಹರಿಸುವ ಏರ್ಪಾಡೇ ಕರೇಜ್. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ವಿದ್ಯೆ ಇರಾನಿನದು, ಕಲ್ಲು ಬೀದರಿನದು, ನೀರು ಕುಡಿದವರು ಈ ನೆಲದವರು. ವಿಜಯಪುರದ ಸುರಂಗ ಬಾವಡಿಯೂ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ಕಾಳಜಿಯ ಪಟ್ಟಿ ಸೇರಿತು. ಬರಗಾಲದ ಜಿಲ್ಲೆಯಲ್ಲಿ ಓದುವ ಮಗುವಿಗೆ ಗೋಳಗುಮ್ಮಟದ ಎತ್ತರಕ್ಕಿಂತ ಈ ನೀರಿನ ಲೆಕ್ಕ ಕಡಿಮೆಯದಲ್ಲ.

ಪಾಠ ಮುಗಿಸುವ ಅವಸರ, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ, ಪ್ರವಾಸಕ್ಕೆ ದುಡ್ಡಿಲ್ಲ ಎಂದು ಮೇಷ್ಟ್ರುಗಳು ಹೇಳಬಹುದು. ಆ ಮಾತು ಸುಳ್ಳಲ್ಲ. ಆದರೆ ಎರಡು ನಕಾಶೆಗಳನ್ನು ತೆಳುಹಾಳೆಯಲ್ಲಿ ಬರೆದು ಒಂದರ ಮೇಲೊಂದು ಇಡುವುದಕ್ಕೆ ಸ್ಮಾರ್ಟ್ ಬೋರ್ಡ್ ಬೇಕಿಲ್ಲ. ಊರ ಹಳೆಯ ಬಾವಿಯ ಆಳ, ಕಟ್ಟಿದ ಕಲ್ಲಿನ ಬಗೆ, ಅಲ್ಲಿಂದ ಯಾರು ನೀರು ಸೇದುತ್ತಿದ್ದರು, ಯಾರಿಗೆ ಸೇದಲು ಬಿಡುತ್ತಿರಲಿಲ್ಲ ಎಂದು ಮನೆಯ ಹಿರಿಯರನ್ನು ಕೇಳಿ ಬರೆದು ತರುವುದಕ್ಕೆ ಅನುದಾನವೂ ಬೇಕಿಲ್ಲ. ಆ ಕೊನೆಯ ಪ್ರಶ್ನೆಯ ಉತ್ತರ ನಮ್ಮ ನಮ್ಮ ಸಮಾಜಗಳಿಗೂ ಮುಜುಗರ ತಂದೀತು. ತರಲಿ, ಅದೂ ಇತಿಹಾಸವೇ.

ಬಹಮನಿಗಳ ಪಾಠ ನಡೆಯುವಾಗ ತರಗತಿಯ ಕೆಲವು ಕಣ್ಣುಗಳು ಹಿಂದಿನ ಬೆಂಚಿನ ಮುಸ್ಲಿಂ ಹುಡುಗನತ್ತ ತಿರುಗುತ್ತವೆ. ತಾನು ಆಳದ ರಾಜ್ಯಕ್ಕೆ, ತಾನು ಮಾಡದ ಯುದ್ಧಕ್ಕೆ ಅವನು ತಲೆ ತಗ್ಗಿಸುತ್ತಾನೆ. ಪಠ್ಯಕ್ಕೆ ಇನ್ನೊಬ್ಬ ಸುಲ್ತಾನನನ್ನು ಸೇರಿಸಿದರೆ ಆ ತಲೆ ಮೇಲೇಳುವುದಿಲ್ಲ. ಇಡೀ ತರಗತಿ ಒಂದೇ ಬಾವಿಯ ಸುತ್ತ ನಿಂತು ಅದರ ಆಳ ಅಳೆಯುವಂತಾದರೆ ಎದ್ದೀತು.